ಖಾಲಿ ಕುರ್ಚಿ ಪರೀಕ್ಷೆ

ಕಂದು ಸಿಪ್ಪೆ ಹೆರೆದು ಬೆಳ್ಳಗೆ ಮಾಡಿದ ತೆಂಗಿನಕಾಯಿ ಯಾರಿಗೂ ಕಾಯುವುದಿಲ್ಲ. ಚಿಪ್ಪು ಬಿಡಿಸಿದ ಮೇಲೂ ಸಿಪ್ಪೆ ಇರುವಷ್ಟು ಹೊತ್ತು ಅದಕ್ಕೊಂದು ಹೊದಿಕೆ ಇರುತ್ತದೆ. ಅದೂ ಹೋಯಿತೆಂದರೆ ತೊಳೆದು, ಬಿಸಿನೀರಿನಲ್ಲಿ ಅದ್ದಿ, ತುರಿದು, ಡ್ರೈಯರ್‌ಗೆ ಹಾಕುವವರೆಗೂ ಅದರ ಹಿಂದೆ ಓಡುತ್ತಲೇ ಇರಬೇಕು. ತಡವಾದರೆ ಮೊದಲು ಅಂಟಂಟಾಗುತ್ತದೆ, ಆಮೇಲೆ ಹುಳಿ ವಾಸನೆ ಬರುತ್ತದೆ, ಕೊನೆಗೆ ಪುಡಿ ಹಳದಿಯಾಗುತ್ತದೆ. ಗುಬ್ಬಿಯ ನಮ್ಮ ಪೌಡರ್ ಫ್ಯಾಕ್ಟರಿಗೆ ಹೋದ ಮೊದಲ ದಿನ ನಾನು ಕಲಿತದ್ದು ಇಷ್ಟು. ಕಲಿಸಿದವರು ಹೆರೆಯುವ ಹಾಲ್‌ನ ಸೂಪರ್‌ವೈಸರ್. ಆ ಹಾಲ್‌ನಲ್ಲಿ ಸುಮಾರು ನಲವತ್ತು ಹೆಂಗಸರು ಮೋಟು ಮಣೆಗಳ ಮೇಲೆ ಕೂತು ದಿನವಿಡೀ ಕಾಯಿ ಹೆರೆಯುತ್ತಾರೆ. ಸೂಪರ್‌ವೈಸರ್‌ಗಿಂತ ವಯಸ್ಸಾದವರೂ ಅವರನ್ನು ಅಕ್ಕಯ್ಯ ಎಂದೇ ಕರೆಯುತ್ತಿದ್ದರು. ವಾರ ಕಳೆಯುವುದರೊಳಗೆ ನಾನೂ ಹಾಗೇ ಕರೆಯತೊಡಗಿದೆ.

ನನ್ನ ಕೆಲಸ ತುಮಕೂರಿನ ಆಫೀಸಿನ ತರಬೇತಿ ವಿಭಾಗದಲ್ಲಿ. ಕುಣಿಗಲ್‌ನಲ್ಲಿ ಕಂಪನಿಯ ಎರಡನೆಯ ಫ್ಯಾಕ್ಟರಿ ಏಳುತ್ತಿತ್ತು. ಅದಕ್ಕೆ ಬೇಕಾದ ಮೇಲಿನವರನ್ನು ಹೊರಗಿನಿಂದ ತರಬಾರದು, ಇರುವವರಲ್ಲೇ ಬೆಳೆಸಬೇಕು ಎಂದು ತೀರ್ಮಾನವಾಗಿತ್ತು. ಮ್ಯಾನೇಜರುಗಳನ್ನು ಹೋಟೆಲಿಗೆ ಕರೆದೊಯ್ದು ಎರಡು ದಿನ ಪಾಠ ಹೇಳಿಸಿದರೆ ನಾಯಕತ್ವ ಬರುವುದಿಲ್ಲ, ಚಿಪ್ಪು ಒಡೆಯುವ ಅಂಗಳದಿಂದ ಹಿಡಿದು ಪ್ಯಾಕಿಂಗ್ ತನಕ ಪ್ರತಿ ಹಂತದಲ್ಲೂ ಮುನ್ನಡೆಸುವವರು ಇರಬೇಕು ಎಂಬುದು ಯೋಜನೆ. ಬೆಂಗಳೂರಿನ ಸಲಹೆಗಾರರು ಬರೆದುಕೊಟ್ಟಿದ್ದರು. ಗುಬ್ಬಿಯಲ್ಲಿ ಅದನ್ನು ನಡೆಸುವ ಜವಾಬ್ದಾರಿ ನನಗೆ ಬಂತು.

ನನಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ತಾರೀಕು ಹಾಕಿ, ಗೆರೆ ಎಳೆದು, ಒಟ್ಟು ಹಾಕಿ. ಹಾಲ್‌ನ ಹೆಂಗಸರಿಗೆ ಅದೇ ತಮಾಷೆ.

"ಸುಮ್ನಿರ್ರೇ, ಮೇಡಮ್ಮ ಬಂದ್ರು. ಯಾರ್ ಎಷ್ಟ್ ಸಲ ಆಕಳಿಸಿದ್ರಿ ಅಂತ ಬರ್ಕತರೆ."

"ಇವ್ರನ್ನ ನೋಡೋಕೆ ಗಂಡು ಬಂದ್ರೆ ಅವನ್ಗೂ ಎರಡ್ ಕಾಲಮ್ ಎಳೀತರೆ ಕಣೇ. ತಿಂದ ಬೋಂಡ ಎಷ್ಟು, ಆಡಿದ ಮಾತೆಷ್ಟು."

ಎರಡನೆಯ ಮಾತು ಚೇಳೂರಿನವಳದು. ಚೇಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ, ಮೂವತ್ತು ದಾಟದ, ಬಾಯಿ ಜೋರಿನ ಹೆಂಗಸು. ಹಾಲ್‌ನಲ್ಲಿ ಅವಳಿಗೆ ಆ ಹೆಸರೇ ನಿಂತಿತ್ತು.

ಯೋಜನೆಯ ಮೊದಲ ಹಂತ, ಪ್ರತಿ ಸೂಪರ್‌ವೈಸರ್ ತನ್ನ ಕೆಲಸ ಮಾಡಬಲ್ಲ ಇನ್ನೊಬ್ಬರನ್ನು ತಯಾರು ಮಾಡುವುದು. ಬೇರೆ ವಿಭಾಗದವರು ತಮಗೆ ಎದುರಾಡದವರನ್ನು ಆರಿಸಿಕೊಂಡರು. ಅಕ್ಕಯ್ಯ ಚೇಳೂರಿನವಳನ್ನು ಆರಿಸಿಕೊಂಡರು. ಏಕೆ ಎಂದು ಕೇಳಿದೆ. "ಅವ್ಳು ನನ್ನ ತಪ್ಪನ್ನ ನನ್ನ ಮೊಕಕ್ಕೇ ಹೇಳ್ತಳೆ. ಬ್ಯಾರೆಯೋರು ಮನೆಗ್ ಹೋಗಿ ಹೇಳ್ತರೆ" ಎಂದರು.

ಅವರು ಕಲಿಸುತ್ತಿದ್ದ ರೀತಿಯನ್ನು ಆ ತಿಂಗಳುಗಳಲ್ಲಿ ಹತ್ತಿರದಿಂದ ನೋಡಿದೆ. ದಿನಕ್ಕೆ ಅರ್ಧ ಗಂಟೆ ಏನಾದರೊಂದು ನೆಪ ತೆಗೆದು ತೊಳೆಯುವ ತೊಟ್ಟಿಯ ಕಡೆ ಹೋಗಿಬಿಡುತ್ತಿದ್ದರು. ಅಷ್ಟು ಹೊತ್ತು ಹಾಲ್ ಚೇಳೂರಿನವಳದು. ಮೊದಲ ದಿನ ಅವಳು ಹಿಂದೆ ಬಿದ್ದವರನ್ನು ಕೂಗಾಡಿ ಬಯ್ದಳು. ಅಕ್ಕಯ್ಯ ವಾಪಸ್ಸು ಬಂದು, "ಯಾರ ಬುಟ್ಟಿ ಹಿಂದೆ ಬಿದ್ದೈತೋ ಅವ್ರನ್ನ ಬಯ್ಯಬೇಡ. ಪಕ್ಕದಲ್ಲಿ ಕುಂತು ನೀನೂ ನಾಲ್ಕ್ ಕಾಯಿ ಹೆರಿ" ಎಂದರು.

"ಎಲ್ಲಾರ ಪಕ್ಕ ಕುಂತ್ರೆ ನಂಗೆ ಸಂಜೆ ಆಯ್ತದೆ ಅಕ್ಕಯ್ಯ."

"ಆಗ್ಲಿ ಬುಡು. ಸಂಜೆ ಹೊತ್ಗೆ ಯಾಕ್ ಹಿಂದೆ ಬಿದ್ರು ಅಂತನಾದ್ರೂ ಗೊತ್ತಾಯ್ತದೆ."

ಎರಡನೆಯ ಹಂತ ಬೆಳಗಿನ ಸಭೆ. ಕೆಲಸ ಶುರುವಾಗುವ ಮುಂಚೆ ದಿನಕ್ಕೊಬ್ಬರು ಎದ್ದು ನಿಂತು, ನಿನ್ನೆ ಏನಾಯಿತು, ಇವತ್ತು ಏನಾಗಬೇಕು ಎಂದು ಹೇಳಬೇಕು. ಮೊದಲು ಎದ್ದವಳು ಸೆರಗು ಹಿಡಿದುಕೊಂಡು, "ಎಲ್ಲಾರ್ಗೂ ನಮಸ್ಕಾರ. ಕಾಯಿ ಹೆರೀರಿ" ಎಂದು ಕೂತುಬಿಟ್ಟಳು. ಹಾಲ್ ಬಿದ್ದು ಬಿದ್ದು ನಕ್ಕಿತು. ಎರಡು ತಿಂಗಳಾಗುವಷ್ಟರಲ್ಲಿ ಅದೇ ಹೆಂಗಸು ಡ್ರೈಯರ್ ವಿಭಾಗದ ಗಂಡಸರನ್ನು ಕರೆಸಿ, ನಿಮ್ಮಿಂದ ನಮ್ಮ ಕ್ರೇಟುಗಳು ನಿಲ್ಲುತ್ತಿವೆ ಎಂದು ಎಲ್ಲರ ಮುಂದೆ ಕೇಳಿದ್ದಳು. ಆ ದಿನದ ಪುಟದಲ್ಲಿ ನಾನು ತಾರೀಕಿನ ಕೆಳಗೆ ಗೆರೆ ಎಳೆದಿದ್ದೇನೆ.

ಕುಣಿಗಲ್‌ನ ಹೆರೆಯುವ ಹಾಲ್‌ಗೆ ಒಬ್ಬ ಇನ್‌ಚಾರ್ಜ್ ಬೇಕಿತ್ತು. ಮಣೆಯ ಮೇಲಿಂದ ಎದ್ದವರು ಯಾರೂ ಅದುವರೆಗೆ ಆ ಮಟ್ಟಕ್ಕೆ ಹೋಗಿರಲಿಲ್ಲ. ಅಕ್ಕಯ್ಯನಿಗೆ ಆ ಹುದ್ದೆ ಬೇಕಿದ್ದದ್ದು ಬೇರೆ ಕಾರಣಕ್ಕೆ. ಅವರ ಗಂಡ ಕುಣಿಗಲ್ ಬೈಪಾಸ್‌ನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದರು. ಗುಬ್ಬಿಯಲ್ಲಿ ವ್ಯಾಪಾರವಾಗದೆ ಆರು ವರ್ಷದ ಹಿಂದೆ ಹೋದವರು, ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗುತ್ತಿದ್ದರು. ಹೆದ್ದಾರಿಯ ಅಂಗಡಿಗೆ ಭಾನುವಾರವೇ ಗಿರಾಕಿ ಜಾಸ್ತಿ, ಹಾಗಾಗಿ ಮನೆಗೆ ಬರುವುದು ತಿಂಗಳಿಗೆರಡು ಸಲ. ಮಗಳು ಎಂಟನೆಯ ಕ್ಲಾಸು.

"ನಮ್ ಹುಡುಗಿಗೆ ಅವರಪ್ಪ ಬಂದ್ರೆ ನೆಂಟರು ಬಂದಂಗೆ ಮೇಡಮ್ಮ" ಎಂದಿದ್ದರು ಒಮ್ಮೆ. "ಮೊನ್ನೆ ಬಂದಾಗ 'ಕಾಫಿ ತಗೊತೀರಾ' ಅಂತ ಕೇಳವ್ಳೆ. ತಗೊತೀರಾ ಅಂತೆ. ನಮ್ಮನೆಯವ್ರ ಮೊಕ ನೋಡೋಕಾಗ್ಲಿಲ್ಲ. ನಂಗೆ ಕುಣಿಗಲ್ ಆದ್ರೆ ಒಂದೇ ಮನೇಲಿ ಇರ್ತೀವಿ. ಅಷ್ಟು ಸಾಕು."

ಗಂಡ ಹೆಂಡತಿ ಇಬ್ಬರೂ ಕುಣಿಗಲ್‌ನಲ್ಲಿ ಒಂದು ಬಾಡಿಗೆ ಮನೆ ನೋಡಿ ಮುಂಗಡ ಕೊಟ್ಟಿದ್ದರು. ಮಗಳ ಶಾಲೆಯನ್ನೂ ವಿಚಾರಿಸಿದ್ದರು.

ಮೂರನೆಯ ಹಂತಕ್ಕೆ ಸಲಹೆಗಾರರು ಇಟ್ಟ ಹೆಸರು ಖಾಲಿ ಕುರ್ಚಿ ಪರೀಕ್ಷೆ. ಸೂಪರ್‌ವೈಸರ್ ಅನ್ನು ಎರಡು ವಾರ ವಿಭಾಗದಿಂದ ಹೊರಗಿಡುವುದು. ಅವರಿಲ್ಲದೆಯೂ ಕೆಲಸ ಮೊದಲಿನಷ್ಟೇ ಚೆನ್ನಾಗಿ ನಡೆದರೆ ಅವರು ತಮ್ಮ ಕೈಕೆಳಗಿನವರನ್ನು ಬೆಳೆಸಿದ್ದಾರೆ, ಪಾಸು. ಕೆಲಸ ಬಿದ್ದರೆ ಫೇಲು. ಕೆಳಗಿನವರಿಗೆ ಇದು ಪರೀಕ್ಷೆಯೆಂದು ಗೊತ್ತಾಗಬಾರದು. ಗೊತ್ತಾದರೆ ಎರಡು ವಾರದ ಮಟ್ಟಿಗೆ ಮೈಮುರಿದು ದುಡಿದುಬಿಡುತ್ತಾರೆ, ನಿಜ ತಿಳಿಯುವುದಿಲ್ಲ ಎಂಬುದು ಅವರ ವಾದ. ನನಗೂ ಸರಿ ಅನ್ನಿಸಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ಅಕ್ಕಯ್ಯನನ್ನು ತುಮಕೂರಿಗೆ ಕರೆಸಿ ಇದನ್ನು ವಿವರಿಸಿದರು. ಅಕ್ಕಯ್ಯ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ ಕೇಳಿದರು.

"ಅಂದ್ರೆ ನಾನಿಲ್ದೆ ಹಾಲ್ ಚೆನ್ನಾಗ್ ನಡುದ್ರೆ ನಾನು ಪಾಸು. ಅಂಗಲ್ವಾ ಸಾರ್?"

"ಹೌದಮ್ಮ."

"ತಮಾಸೆಯಾಗೈತೆ. ಖಾಲಿ ಕುರ್ಚಿ ಅಂತೀರ, ನಾನ್ ಯಾವತ್ತು ಕುರ್ಚಿ ಮ್ಯಾಲೆ ಕುಂತಿದ್ದೆ?" ಮುಖ್ಯಸ್ಥರೂ ನಕ್ಕರು. "ಆಗ್ಲಿ ಸಾರ್. ನಮ್ ಹುಡುಗೀರು ನಡುಸ್ತರೆ. ಭಯ ಇಲ್ಲ."

"ಯಾರಿಗೂ ಹೇಳ್ಬಾರ್ದು. ಮನೆಯವರಿಗೆ ಹೇಳಿದ್ರೂ ಪರವಾಗಿಲ್ಲ, ಹಾಲ್‌ನವರಿಗೆ ಒಂದು ಮಾತೂ ಬೇಡ."

"ಹೇಳಲ್ಲ ಅಂದ್ರೆ ಹೇಳಲ್ಲ ಸಾರ್."

ಅವರಿಗೆ ಭಯವಿರಲಿಲ್ಲ, ನನಗೂ ಇರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಮಗಳ ಶಾಲೆಯ ಸಭೆಗೆಂದು ಅವರು ಒಂದಿಡೀ ದಿನ ರಜೆ ಹಾಕಿದ್ದಾಗ ಹಾಲ್‌ನಿಂದ ಮಾಮೂಲಿಗಿಂತ ಹೆಚ್ಚು ಕ್ರೇಟು ಹೊರಬಿದ್ದಿತ್ತು. ಆ ಲೆಕ್ಕ ನನ್ನ ಹತ್ತಿರವೇ ಇತ್ತು.

ಪರೀಕ್ಷೆ ಒಂದು ಸೋಮವಾರ ಶುರುವಾಯಿತು. ಅಕ್ಕಯ್ಯ ಬೆಳಿಗ್ಗೆ ತುಮಕೂರಿನ ಬಸ್ಸು ಹತ್ತಿದರು. ಆಫೀಸಿನಲ್ಲಿ ಅವರಿಗೆ ಕಂಪ್ಯೂಟರ್ ಕಲಿಸುವ ಏರ್ಪಾಡಾಗಿತ್ತು. ನಾನು ತುಮಕೂರಿನಿಂದ ಎದುರು ಬಸ್ಸಿನಲ್ಲಿ ಗುಬ್ಬಿಗೆ ಬಂದೆ. ಹಾಲ್‌ಗೆ ಹೋಗಿ, ಅಕ್ಕಯ್ಯ ಎರಡು ವಾರ ಟ್ರೈನಿಂಗ್‌ಗೆ ಹೋಗಿದ್ದಾರೆ, ಅಲ್ಲಿಯವರೆಗೆ ಚೇಳೂರಿನವಳು ನೋಡಿಕೊಳ್ಳುತ್ತಾಳೆ ಎಂದು ಹೇಳಿದೆ. ಯಾರೂ ಏನೂ ಕೇಳಲಿಲ್ಲ. ಯಾರೂ ತಮಾಷೆಯನ್ನೂ ಮಾಡಲಿಲ್ಲ. ಆ ಮೌನವನ್ನು ನಾನು ಗಮನಿಸಿದೆ, ಬರೆದೂ ಇಟ್ಟೆ. ಹೊಸ ಜವಾಬ್ದಾರಿಯ ಗಾಂಭೀರ್ಯ ಅಂದುಕೊಂಡೆ.

ಮೂರು ವಿಷಯ ಬರೆಯುತ್ತಿದ್ದೆ: ಹೆರೆದು ಮುಗಿದ ಕ್ರೇಟುಗಳು, ಹೆರೆದ ತಿರುಳು ಡ್ರೈಯರ್ ಸೇರಲು ಹಿಡಿದ ಹೊತ್ತು, ಸಂಜೆ ತೆಗೆದ ಪುಡಿಯ ಬಣ್ಣ. ಸೋಮವಾರ, ಮಂಗಳವಾರ ಮೂರೂ ಸರಿಯಾಗಿದ್ದವು. ಬುಧವಾರ ಕ್ರೇಟು ಕಮ್ಮಿಯಾಯಿತು. ಗುರುವಾರ ಇನ್ನೂ ಕಮ್ಮಿ.

ನಾನು ಕಾರಣ ಹುಡುಕತೊಡಗಿದೆ. ಮೊದಲು ಕಾಯಿ. ಎಳೆಯ ಕಾಯಿ ಬಂದರೆ ತಿರುಳು ಮೆತ್ತಗಿದ್ದು ಹೆರೆಯಲು ತಡವಾಗುತ್ತದೆ. ಅಂಗಳಕ್ಕೆ ಹೋಗಿ ಬೇರೆ ಬೇರೆ ಗುಡ್ಡೆಯಿಂದ ಒಡೆಸಿ ನೋಡಿದೆ, ಬಲಿತ ಕಾಯಿಯೇ. ಆಮೇಲೆ ಕತ್ತಿ. ಸಾಣೆ ಹಿಡಿಯುವವನು ವಾರದ ಸರದಿಯಂತೆ ಬಂದು ಹೋಗಿದ್ದ. ತೊಟ್ಟಿಯ ನೀರು ನಿಂತಿರಲಿಲ್ಲ, ಕರೆಂಟು ಹೋಗಿರಲಿಲ್ಲ, ಹಾಜರಾತಿ ಪೂರ್ತಿ. ಒಂದು ಮೂಲೆಯಲ್ಲಿ ಕೂತು ಕೈಗಳನ್ನೇ ನೋಡಿದೆ. ಕೈಗಳು ನಿಂತಿರಲಿಲ್ಲ. ಆದರೆ ಒಂದು ಕಾಯಿ ಮುಗಿದು ಇನ್ನೊಂದನ್ನು ಎತ್ತಿಕೊಳ್ಳುವ ಮಧ್ಯೆ ಒಬ್ಬೊಬ್ಬರೂ ಕತ್ತಿಯನ್ನು ತಿರುಗಿಸಿ ನೋಡುವುದು, ಒರೆಸುವುದು, ಬೆಳಕಿಗೆ ಹಿಡಿಯುವುದು. ಚೇಳೂರಿನವಳೂ ಅದನ್ನೇ ಮಾಡುತ್ತಿದ್ದಳು.

"ಯಾಕೆ?" ಎಂದೆ.

"ಕತ್ತಿ ಮೊಂಡಾಗೈತೆ ಮೇಡಮ್ಮ."

ನಾನು ಅವಳ ಕತ್ತಿ ತೆಗೆದುಕೊಂಡು ಕಾಯಿಯ ಮೇಲೆ ಎಳೆದೆ. ಸಿಪ್ಪೆ ಕಾಗದದ ಹಾಗೆ ಬಂತು. ಅವಳು ಮುಖ ತಿರುಗಿಸಿದಳು.

ಶುಕ್ರವಾರ ಟೀ ಹೊತ್ತಿನಲ್ಲಿ ಹಾಲ್‌ನ ಎಲ್ಲರಿಗಿಂತ ಹಿರಿಯ ಹೆಂಗಸು ನನ್ನ ಪಕ್ಕ ಬಂದು ಕೂತರು. ನನ್ನ ಡೈರಿಯ ಕಡೆ ನೋಡಿ ಮೆತ್ತಗೆ ಹೇಳಿದರು.

"ಅಕ್ಕಯ್ಯ ಇಲ್ದಿದ್ರೆ ಹಿಂಗೇ ಆಗೋದು ಕಣವ್ವ. ಬರ್ಕ. ಚೆನ್ನಾಗಿ ದೊಡ್ ಅಕ್ಸರದಾಗೆ ಬರ್ಕಂಡು ನಿಮ್ ಸಾಹೇಬ್ರಿಗೆ ತೋರ್ಸು."

ನನಗೆ ಆಗ ಗೊತ್ತಾಯಿತು. ಕೈಯಲ್ಲಿದ್ದ ಟೀ ಲೋಟವನ್ನು ನೆಲಕ್ಕಿಟ್ಟೆ.

"ಬೇಕಂತ ಮಾಡ್ತಿದೀರಾ?"

ಅವರು ಇಲ್ಲವೆನ್ನಲಿಲ್ಲ. ಚಿಪ್ಪು ಒಡೆಯುವ ಅಂಗಳದ ಮೇಸ್ತ್ರಿಯ ಕತೆ ಹೇಳಿದರು. ನಾನು ಕೆಲಸಕ್ಕೆ ಸೇರುವ ಮುಂಚಿನದು. ಅವನನ್ನೂ ಟ್ರೈನಿಂಗ್ ಎಂದು ತುಮಕೂರಿಗೆ ಕರೆಸಿದ್ದರಂತೆ. ಅವನಿಲ್ಲದೆಯೂ ಅಂಗಳದ ಕೆಲಸ ಸರಾಗವಾಗಿ ನಡೆಯಿತಂತೆ. ಹುಡುಗರು ಮೇಸ್ತ್ರಿಗೆ ಕೆಟ್ಟ ಹೆಸರು ಬರಬಾರದೆಂದು ಇನ್ನೂ ಜೋರಾಗಿ ಒಡೆದಿದ್ದರಂತೆ. ತಿಂಗಳಾದ ಮೇಲೆ, ಅಂಗಳಕ್ಕೆ ಮೇಸ್ತ್ರಿಯ ಅವಶ್ಯಕತೆಯೇ ಕಾಣುತ್ತಿಲ್ಲ ಎಂದು ಅವನ ಕೆಲಸವನ್ನೇ ತೆಗೆದುಹಾಕಿದರಂತೆ.

"ಈಗ ಊರ್ಡಿಗೆರೆ ತಾವ ಯಾರ್ದೋ ತೋಟ ಕಾಯ್ತವ್ನೆ. ಆ ಹುಡುಗ್ರು ಇವತ್ಗೂ ಅಂತರೆ, ನಾವೇ ಅವನ ಅನ್ನ ಕಿತ್ವಿ ಅಂತ. ನಾವ್ ಅಂಗ್ ಮಾಡಾಕಿಲ್ಲ ಕಣವ್ವ. ಅಕ್ಕಯ್ಯ ಬೇಕೇ ಬೇಕು ಅಂತ ಅವ್ರಿಗೆ ಗೊತ್ತಾಗ್ಬೇಕು."

"ಅಕ್ಕಯ್ಯನ ಯಾರೂ ತೆಗೆಯಲ್ಲ. ನಾನು ಹೇಳ್ತಿದೀನಲ್ಲ."

"ಮೇಸ್ತ್ರಿಗೂ ಅಂಗೇ ಹೇಳಿದ್ರು" ಎಂದು ಅವರು ಎದ್ದು ಹೋದರು.

ಅಂದೇ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ಅರ್ಥ ಆಯ್ತಮ್ಮ. ಆದ್ರೆ ಪರೀಕ್ಷೆ ಅಂತ ಹೇಳ್ಬಿಟ್ರೆ ಅಲ್ಲಿಂದಾಚೆ ದಿನಗಳು ಲೆಕ್ಕಕ್ಕೇ ಬರಲ್ಲ. ಈಗಿರೋ ಕಮ್ಮಿ ಲೆಕ್ಕನೇ ಉಳಿಯತ್ತೆ. ಹೇಳದೆ ಅವರನ್ನ ಸರಿಮಾಡೋಕಾಗತ್ತಾ ನೋಡು."

ಶನಿವಾರ ಪ್ರಯತ್ನಪಟ್ಟೆ. ಒಬ್ಬೊಬ್ಬರ ಪಕ್ಕ ಕೂತೆ. ಭಯಪಡಬೇಡಿ, ಮೊದಲಿನ ಹಾಗೇ ಮಾಡಿ, ಅಕ್ಕಯ್ಯನಿಗೆ ಒಳ್ಳೆಯದಾಗುತ್ತದೆ ಎಂದೆ. ಒಳ್ಳೆಯದು ಏನು ಎಂದು ಕೇಳಿದರೆ ನನ್ನ ಬಳಿ ಹೇಳಬಹುದಾದ ಉತ್ತರವಿರಲಿಲ್ಲ. ನಾನು ಆಫೀಸಿನ ಪರ ಮಾತಾಡುತ್ತಿದ್ದೇನೆ ಎಂದು ಅವರಿಗೆ ಇನ್ನಷ್ಟು ಖಾತ್ರಿಯಾಯಿತು. ಸಂಜೆ ಆಫೀಸಿಗೆ ಹೋದಾಗ ಅಕ್ಕಯ್ಯ ಸಿಕ್ಕರು. ಕಂಪ್ಯೂಟರಿನಲ್ಲಿ ತಮ್ಮ ಮಗಳ ಹೆಸರು ಹೊಡೆಯಲು ಬರುತ್ತದೆ ಎಂದು ಹೇಳಿ, ಒಂದೇ ಪ್ರಶ್ನೆ ಕೇಳಿದರು.

"ಚೇಳೂರಿನವ್ಳು ಕೂಗಾಡ್ತವ್ಳಾ?"

"ಇಲ್ಲ ಅಕ್ಕಯ್ಯ."

"ಅಂಗಾರೆ ಸರಿಯಾಗೇ ನಡೀತೈತೆ ಬುಡಿ."

ಸೋಮವಾರ ಹಾಲ್ ಇನ್ನೂ ನಿಧಾನವಾಗಿತ್ತು. ಚೇಳೂರಿನವಳ ಕಣ್ಣುಗಳು ಊದಿಕೊಂಡಿದ್ದವು. ತೊಟ್ಟಿಯ ಹತ್ತಿರ ಒಬ್ಬಳೇ ಸಿಕ್ಕಾಗ ಏನಾಯಿತೆಂದು ಕೇಳಿದೆ.

"ನಿನ್ನೆ ಅಕ್ಕಯ್ಯನ ಮನೆಗೆ ಹೋಗಿದ್ದೆ. ನಿನ್ನ ಕೆಲಸದಿಂದ ತೆಗೀತವ್ರಾ, ನಿಜ ಹೇಳು ಅಂದೆ. 'ನನ್ನೇನೂ ಕೇಳ್ಬೇಡ ಕಣೇ' ಅಂದ್ರು. ನನ್ನ ಮೊಕಾನೇ ನೋಡ್ಲಿಲ್ಲ. ಎಂಟು ವರ್ಷದಾಗೆ ಅಕ್ಕಯ್ಯ ನನ್ ತಾವ ಒಂದ್ ಮಾತು ಮುಚ್ಚಿಟ್ಟಿಲ್ಲ. ಅಲ್ಲೇ ಗೊತ್ತಾಯ್ತು ಬುಡಿ, ತೆಗೆಯೋದು ಆಗೋಗೈತೆ ಅಂತ."

ಅಕ್ಕಯ್ಯ ಕೊಟ್ಟ ಮಾತು ಉಳಿಸಿಕೊಂಡಿದ್ದರು. ಸುಮ್ಮನೆ ನಕ್ಕು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಡ್ರೈಯರ್ ವಿಭಾಗದಿಂದ ಕರೆ ಬಂತು. ಹೆರೆದ ತಿರುಳು ಸಣ್ಣ ಸಣ್ಣ ಕಂತಿನಲ್ಲಿ ಬರುತ್ತಿದ್ದರಿಂದ ಡ್ರೈಯರ್ ತುಂಬಲು ಕಾಯಬೇಕಾಗಿತ್ತು, ಕಾದಷ್ಟು ಹೊತ್ತು ಮೊದಲ ಕ್ರೇಟುಗಳು ಬಿಸಿಲ ಶಾಖಕ್ಕೆ ಕೂತಿದ್ದವು. ಹೊರಬಂದ ಪುಡಿಯನ್ನು ಬಿಳಿ ತಟ್ಟೆಯಲ್ಲಿ ಸುರಿದು ತೋರಿಸಿದರು. ಹಳದಿ. ಮೂಗಿನ ಹತ್ತಿರ ಹಿಡಿದರೆ ಹುಳಿ. ಇಡೀ ಲಾಟ್ ಎಣ್ಣೆ ತೆಗೆಯಲು ಕಳಿಸಬೇಕು, ತಿನ್ನುವ ಪುಡಿಯಾಗಿ ಮಾರುವ ಹಾಗಿಲ್ಲ.

ಆ ತಟ್ಟೆಯನ್ನು ಹಿಡಿದುಕೊಂಡೇ ನಾನು ಹಾಲ್‌ಗೆ ನಡೆದೆ. ಹೇಳಿದರೆ ಮುಂದಿನ ದಿನಗಳು ಲೆಕ್ಕಕ್ಕಿಲ್ಲ. ಹೇಳದಿದ್ದರೆ ಮುಂದಿನ ದಿನಗಳೂ ಹೀಗೇ ಇರುತ್ತವೆ, ಅಕ್ಕಯ್ಯ ವಾಪಸ್ಸು ಬರುವಷ್ಟರಲ್ಲಿ ಹಾಲ್‌ನ ಹೆಸರೇ ಹಾಳಾಗಿರುತ್ತದೆ. ಎರಡರಲ್ಲೂ ಅವರಿಗೆ ಗೆಲುವು ಕಾಣಲಿಲ್ಲ. ಆದರೆ ಹೇಳಿದರೆ, ಹಾಲ್ ಏನು ಮಾಡಬಲ್ಲದೆಂದು ಒಂದಿಷ್ಟು ದಿನವಾದರೂ ಕಣ್ಣೆದುರು ಬರೆದಿಡಬಹುದು. ಎಲ್ಲವನ್ನೂ ಇದ್ದ ಹಾಗೆ ಬರೆದರೆ ಓದಿದವರಿಗೆ ಅರ್ಥವಾಗುತ್ತದೆ ಎಂದು ಆಗ ನಂಬಿದ್ದೆ.

ಕತ್ತಿ ಕೆಳಗಿಡಿ ಎಂದೆ. ಎಲ್ಲ ಹೇಳಿದೆ. ಕುಣಿಗಲ್ ಹುದ್ದೆ, ಪರೀಕ್ಷೆ, ಗುಟ್ಟು.

ಚೇಳೂರಿನವಳು ನನ್ನ ಕೈಯಲ್ಲಿದ್ದ ಹಳದಿ ಪುಡಿಯನ್ನೇ ನೋಡುತ್ತಿದ್ದಳು.

"ಅಂದ್ರೆ ನಾವ್ ನಿಧಾನ ಮಾಡಿದ್ರೆ ಅಕ್ಕಯ್ಯ ಫೇಲಾ?"

"ಹೌದು."

"ಯಾವ ಸೀಮೆ ಪರೀಕ್ಸೆ ಮೇಡಮ್ಮ ಇದು?" ಅವಳು ಎದ್ದು ನಿಂತಳು. "ಅವ್ರ ಪರೀಕ್ಸೆನ ನಮ್ ಕೈಲಿ ಬರ್ಸ್ತೀರ, ನಮ್ಗೇ ಹೇಳಲ್ಲ. ನಾವೇನ್ ದನವಾ?"

ಹಿರಿಯ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಯಾರೋ ಬಿಕ್ಕಿದರು. ಚೇಳೂರಿನವಳು ಕಣ್ಣೊರೆಸಿಕೊಂಡಳು.

"ಇನ್ನೂ ಎಷ್ಟ್ ದಿನ ಐತೆ?"

"ಇವತ್ತು ಬಿಟ್ಟು ನಾಲ್ಕು."

"ಅಳೋದು ಆಮೇಲೆ ಮಡಿಕಳಿ. ಏಳ್ರೇ."

ಆ ನಾಲ್ಕು ದಿನದಂಥ ಕೆಲಸವನ್ನು ನಾನು ಯಾವ ವಿಭಾಗದಲ್ಲೂ ನೋಡಿಲ್ಲ. ಅವಳು ಕೈ ಬೇಗದವರನ್ನು ತೊಟ್ಟಿಯ ಪಕ್ಕಕ್ಕೆ ಕೂರಿಸಿದಳು, ಕ್ರೇಟು ಅರ್ಧ ಹಾಲ್ ದಾಟಿ ಬರುವುದು ತಪ್ಪಿತು. ಟೀಯನ್ನು ಮೂರು ಗುಂಪು ಮಾಡಿ ಬಿಟ್ಟಳು, ಕೆಲಸ ನಿಲ್ಲಲಿಲ್ಲ. ಸುಸ್ತಾದವರ ಪಕ್ಕ ತಾನೇ ಮಣೆ ಹಾಕಿಕೊಂಡು ಕೂತಳು. ಒಬ್ಬರನ್ನೂ ಬಯ್ಯಲಿಲ್ಲ. ಪುಡಿ ಮತ್ತೆ ಹಾಲಿನ ಬಣ್ಣಕ್ಕೆ ಬಂತು. ಕ್ರೇಟಿನ ಲೆಕ್ಕ ಅಕ್ಕಯ್ಯ ಇದ್ದಾಗಿನದನ್ನೂ ದಾಟಿತು.

ನಾನು ವರದಿಯಲ್ಲಿ ಎಲ್ಲವನ್ನೂ ಬರೆದೆ. ಮೇಸ್ತ್ರಿಯ ಕತೆಯನ್ನೂ, ನಾನು ಗುಟ್ಟು ಒಡೆದದ್ದನ್ನೂ. ಮುಖ್ಯಸ್ಥರು ಅದನ್ನು ನನ್ನ ಮುಂದೆಯೇ ಎರಡು ಸಲ ಓದಿ ಮೇಲಕ್ಕೆ ಕಳಿಸಿದರು, ಎರಡು ದಿನದ ಮೇಲೆ ನನ್ನನ್ನು ಕರೆಸಿದರು.

"ನಿನ್ನ ಮಾತು ನಂಬ್ತೀನಿ. ಆದ್ರೆ ಮೇಲಿನವರು ಇದನ್ನ ಹೆಂಗೆ ಓದಿದ್ರು ಗೊತ್ತಾ? ಒಬ್ಬ ಸೂಪರ್‌ವೈಸರ್‌ಗೋಸ್ಕರ ಇಡೀ ಹಾಲ್ ಬೇಕಂತ ಕೆಲಸ ನಿಧಾನ ಮಾಡ್ತು, ಒಂದು ಲಾಟ್ ಕೆಟ್ಟೋಯ್ತು. ಹೊಸ ಜಾಗದಲ್ಲೂ ಹಿಂಗಾದ್ರೆ ಏನ್ ಗತಿ ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲಮ್ಮ."

"ಹಾಲ್‌ನವರಿಗೆ ಪರೀಕ್ಷೆ ಅಂತ ಗೊತ್ತೇ ಇರ್ಲಿಲ್ಲ ಸರ್. ಅಕ್ಕಯ್ಯ ಮಾತು ಉಳಿಸ್ಕೊಂಡಿದ್ದಕ್ಕೇ ಹಿಂಗಾಯ್ತು."

"ಗೊತ್ತು." ಅವರು ಹಾಳೆ ತಿರುವಿದರು. "ಆ ಕೊನೆ ನಾಲ್ಕು ದಿನ ಹಾಲ್ ನಡೆಸಿದವಳನ್ನ ಕುಣಿಗಲ್‌ಗೆ ಕಳಿಸೋಣ ಅಂತಿದಾರೆ."

"ಆ ನಾಲ್ಕು ದಿನ ಲೆಕ್ಕಕ್ಕಿಲ್ಲ ಅಂದ್ರಲ್ಲ ಸರ್."

"ಅಕ್ಕಯ್ಯನ ಪರೀಕ್ಷೆಗೆ ಲೆಕ್ಕಕ್ಕಿಲ್ಲ. ಅವಳಿಗೆ ಪರೀಕ್ಷೆಯೇ ಇರ್ಲಿಲ್ಲ. ಬರೀ ಕೆಲಸ ಇತ್ತು, ಮಾಡಿ ತೋರಿಸಿದ್ಲು."

ಕಂಪನಿ ಕೇಳಿದ್ದು ಕೆಳಗಿನ ಹಂತದಿಂದ ಎದ್ದು ಬರುವ ಒಬ್ಬ ನಾಯಕಿಯನ್ನು. ಅಕ್ಕಯ್ಯ ಅವಳನ್ನು ತಯಾರು ಮಾಡಿಯೇ ಕೊಟ್ಟಿದ್ದರು.

ಫಲಿತಾಂಶ ಬರುವವರೆಗೆ ಆಫೀಸಿನಲ್ಲೇ ಉಳಿಸಿಕೊಂಡಿದ್ದ ಅಕ್ಕಯ್ಯನಿಗೆ ಅದನ್ನು ತಿಳಿಸುವ ಕೆಲಸ ನನ್ನದಾಯಿತು. ಆಫೀಸಿನ ಮೆಟ್ಟಿಲ ಮೇಲೆ ಕೂತು ಹೇಳಿದೆ. ಅವರು ಪ್ರಶ್ನೆ ಕೇಳದೆ ಕೇಳಿಸಿಕೊಂಡು, ಮರುದಿನ ಮಾಮೂಲಿನಂತೆ ಹಾಲ್‌ಗೆ ಬಂದರು. ಹೆಂಗಸರು ತಲೆ ಎತ್ತಲಿಲ್ಲ. ಅಕ್ಕಯ್ಯ ನಡುವೆ ನಿಂತರು.

"ಏನ್ರೇ, ಒಂದು ಲಾಟ್ ಪೂರಾ ಹಳದಿ ಮಾಡಿ ಕೂರ್ಸಿದೀರಂತೆ? ಎಷ್ಟ್ ಮರದ ಕಾಯಿ ಅದು? ನಾಚ್ಕೆ ಆಗಲ್ವೇನ್ರೇ?"

ಹೆರೆಯುತ್ತಿದ್ದ ಕೈಗಳು ನಿಂತವು.

"ನಾನಿಲ್ದೆ ನಡೆಯಲ್ಲ ಅಂತ ತೋರುಸ್ತೀವಿ ಅಂತ ಹೊಂಟ್ರಲ್ಲ, ಅಂದ್ರೆ ಇಷ್ಟ್ ವರ್ಷ ನಾನ್ ನಿಮ್ಗೆ ಏನೂ ಕಲ್ಸಿಲ್ಲ ಅಂತ ತಾನೇ ಆಯ್ತು? ನಂಗೆ ಇಂಗ್ ಮಾಡಿದ್ರಲ್ರೇ."

ಚೇಳೂರಿನವಳು ಎದ್ದು ಬಂದು ಅವರ ಕಾಲು ಹಿಡಿಯಲು ಬಗ್ಗಿದಳು. ಅಕ್ಕಯ್ಯ ಅವಳ ರಟ್ಟೆ ಹಿಡಿದು ನಿಲ್ಲಿಸಿದರು.

"ನಾನ್ ಕುಣಿಗಲ್‌ಗೆ ಹೋಗಲ್ಲ ಅಕ್ಕಯ್ಯ. ಬರ್ಕೊಟ್ಟುಬುಡ್ತೀನಿ."

"ಹೋಗ್ಬೇಕು."

"ನಿನ್ನ ಜಾಗ ಅದು."

"ನಂಗೆ ಸಂತೋಷ ಆಗೈತೆ ಅಂತ ಸುಳ್ ಹೇಳಲ್ಲ ಕಣೇ. ಹೊಟ್ಟೆ ಉರೀತೈತೆ. ನಿನ್ನ ಮೊಕ ನೋಡಿದ್ರೆ ಕಪಾಳಕ್ಕೆ ಬುಡಬೇಕು ಅನ್ಸುತ್ತೆ. ಆದ್ರೂ ನೀನ್ ಹೋಗ್ಬೇಕು. ನೀನ್ ಹೋಗ್ಲಿಲ್ಲ ಅಂದ್ರೆ ಹೊರಗಿನೋರ್ ಯಾರನ್ನೋ ತಂದು ಕೂರುಸ್ತರೆ. ಆಮೇಲೆ ಈ ಮಣೆಯಿಂದ ಯಾರೂ ಏಳಕ್ಕಿಲ್ಲ." ಅಷ್ಟು ಹೇಳಿ ಕತ್ತಿ ಎತ್ತಿಕೊಂಡು ಹಿರಿಯ ಹೆಂಗಸಿನ ಪಕ್ಕ ಕೂತು ಕಾಯಿ ಹೆರೆಯತೊಡಗಿದರು. ಅವರ ಕಣ್ಣೀರು ಕಾಯಿಯ ಮೇಲೆ ಬಿದ್ದಾಗ, ಆ ಕಾಯಿಯನ್ನು ಬೇರೆಯಾಗಿ ತೆಗೆದಿಟ್ಟರು.

ಹೊಸ ಫ್ಯಾಕ್ಟರಿ ಶುರುವಾಗುವ ದಿನ ಮುಂದಿನ ತಿಂಗಳ ಐದನೇ ತಾರೀಕು ಎಂದು ನಿಗದಿಯಾಯಿತು. ಹೊರಡುವ ಬೆಳಿಗ್ಗೆ ಚೇಳೂರಿನವಳನ್ನು ಬಸ್ ಹತ್ತಿಸಲು ಅಕ್ಕಯ್ಯ ಗುಬ್ಬಿ ಬಸ್ ಸ್ಟ್ಯಾಂಡಿಗೆ ಬಂದರು. ಆಫೀಸಿನ ಕಾಗದಗಳನ್ನು ಕೊಡಲು ನಾನೂ ಹೋಗಿದ್ದೆ. ಅಲ್ಲಿನ ಹೆಂಗಸರಲ್ಲಿ ಮೊದಲ ವಾರ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಬೇಡ, ಎರಡನೆಯ ವಾರದಿಂದ ಯಾರನ್ನೂ ದೂರ ಇಡಬೇಡ ಎಂದು ಅಕ್ಕಯ್ಯ ಕಿಟಕಿಯ ಹತ್ತಿರ ನಿಂತು ಹೇಳುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು.

ಬಸ್ಸು ಹೊರಟಿತು. ಅಕ್ಕಯ್ಯ ನನ್ನ ಕಡೆ ತಿರುಗಿದರು.

"ಅವ್ಳಿಗೂ ಮುಂದೆ ಇದೇ ಪರೀಕ್ಸೆ ಮಡಗ್ತೀರಾ?"

"ಮಡಗ್ತಾರೆ ಅಕ್ಕಯ್ಯ. ಮುಂದಿನ ವರ್ಷ."

"ಹೆಂಗಸ್ರಿಗೆ ಹೇಳಿ ಮಡಗಿ."

ಆಮೇಲೆ ಅವರು, "ನಮ್ಮನೆಯವ್ರಿಗೆ ಇನ್ನೂ ಹೇಳಿಲ್ಲ ಮೇಡಮ್ಮ" ಎಂದರು. "ರಿಸಲ್ಟ್ ಬಂದಿಲ್ಲ ಅಂತಾನೇ ತಳ್ಕಂಡ್ ಬಂದೆ. ಅವ್ರು ಕುಣಿಗಲ್‌ನ ಆ ಮನೆಗೆ ಸುಣ್ಣ ಹೊಡೀತವ್ರೆ. ಕೂಲಿಗೆ ಕೊಡ್ದೆ ತಾವೇ, ಅಂಗಡಿ ಮುಚ್ಚಿದ್ ಮೇಲೆ. ಇವತ್ತು ಇವ್ಳು ಅಲ್ಲಿ ಇಳುದ್ರೆ ಗೊತ್ತಾಗೋಯ್ತದೆ. ಅದ್ಕೂ ಮುಂಚೆ ನಾನೇ ಹೇಳ್ಬೇಕು."

ಫೋನು ತೆಗೆದರು. ನಾನು ನಾಲ್ಕು ಹೆಜ್ಜೆ ದೂರ ಸರಿದು, ತುಮಕೂರಿನ ಬಸ್ಸು ಬರುವ ಕಡೆ ನೋಡುತ್ತಾ ನಿಂತೆ.

"ಹಲೋ" ಎಂದರು ಅಕ್ಕಯ್ಯ. "ಹ್ಞೂಂ, ನಾನೇ. ತಿಂಡಿ ಆಯ್ತಾ?" ಆ ಕಡೆಯವರು ಏನೋ ಬಹಳ ಹೊತ್ತು ಹೇಳುತ್ತಿದ್ದರು. "ಅಡಿಗೆಮನೆಗಾ? ಯಾವ್ ಬಣ್ಣ?" ಎಂದರು. ಮತ್ತೆ ಕೇಳಿಸಿಕೊಂಡರು. "ಚೆನ್ನಾಗಿರ್ತದೆ. ಹ್ಞೂಂ. ಚೆನ್ನಾಗಿರ್ತದೆ."

ಬಸ್ಸು ಬಂತು. ನಾನು ಹತ್ತಿ ಕೂತು ಹಿಂತಿರುಗಿ ನೋಡಿದಾಗ ಅವರು ಇನ್ನೂ ಫೋನನ್ನು ಕಿವಿಗಿಟ್ಟುಕೊಂಡು ಕೇಳಿಸಿಕೊಳ್ಳುತ್ತಲೇ ಇದ್ದರು.